ಕೆಂಪು ಧೂಳು, ಕಪ್ಪು ಹೊಗೆ

ಸಂಡೂರಿನ ಗಣಿಗಳ ಕಡೆಯಿಂದ ಹೊಸಪೇಟೆಗೆ ಬರುವ ಹಾದಿಯಲ್ಲಿ ಬೇಸಿಗೆಯ ದಿನಗಳಲ್ಲಿ ಪ್ರಯಾಣ ಮಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ರಸ್ತೆಯಂಚಿನ ಗಿಡಮರಗಳ ಎಲೆ ಅಲ್ಲಿ ಹಸುರಾಗಿರುವುದಿಲ್ಲ. ಕಾವಿ ಬಳಿದಂತೆ ಕೆಂಪಾಗಿರುತ್ತದೆ. ಅದು ಕಬ್ಬಿಣದ ಅದಿರಿನ ಧೂಳು. ಮುಂಗಾರಿನ ನಾಲ್ಕು ಒಳ್ಳೆಯ ಮಳೆ ಬಿದ್ದ ಮೇಲೆಯೇ ಎಲೆಗೆ ತನ್ನ ಬಣ್ಣ ಮರಳಿ ಬರುವುದು. ಈ ಕೆಂಪಿನ ನಡುವೆ, ಏರು ಹತ್ತುತ್ತಿರುವ ಲಾರಿಯ ಹಿಂಭಾಗದಿಂದ ಶಾಯಿಯಂತೆ ಕಪ್ಪಾದ ಹೊಗೆ ಭುಸುಗುಟ್ಟುತ್ತ ಹೊರಡುವುದೂ ಅಲ್ಲಿ ಅಪರೂಪದ ನೋಟವಲ್ಲ.

ಕೆಂಪು ಧೂಳಿಗೂ ಕಪ್ಪು ಹೊಗೆಗೂ ಏನಾದರೂ ಸಂಬಂಧವುಂಟೆ? ಮೇಲುನೋಟಕ್ಕೆ ಇಲ್ಲ. ಒಂದು ನೆಲದಿಂದ ಏಳುವಂಥದು, ಇನ್ನೊಂದು ಎಂಜಿನ್ನಿನ ಒಡಲಿನಿಂದ ಹೊರಡುವಂಥದು. ಆದರೆ ಹೊಗೆಯ ಕಾರಣದಿಂದ ರಸ್ತೆಯಲ್ಲಿ ತಡೆದು ನಿಲ್ಲಿಸಲ್ಪಟ್ಟ ಒಂದು ಲಾರಿಯ ಜೊತೆಯಲ್ಲಿ ನಾವು ಏಳು ದಿನಗಳನ್ನು ಕಳೆದುದಾದರೆ, ಆ ಸಂಬಂಧ ತಾನಾಗಿಯೇ ಹೊರಬೀಳುತ್ತದೆ.

ಅಂಥದೊಂದು ಲಾರಿಯನ್ನು ಕಲ್ಪಿಸಿಕೊಳ್ಳೋಣ. ಹತ್ತು ಚಕ್ರದ್ದು, 2014ರಲ್ಲಿ ಕೆ.ಎ. 35, ಎಂದರೆ ಹೊಸಪೇಟೆಯ, ಸಂಖ್ಯೆಯನ್ನು ಪಡೆದದ್ದು. ಅದರ ಒಡೆಯನೇ ಅದರ ಚಾಲಕ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಈ ಸೀಮೆಯಲ್ಲಿ ಸಾವಿರಾರು ಲಾರಿಗಳು ನಿಂತಲ್ಲೇ ನಿಂತವು. 2013ರ ಏಪ್ರಿಲ್ ತೀರ್ಪಿನ ಅನಂತರ, ನಿಯಮಗಳಿಗೊಳಪಟ್ಟ ಗಣಿಗಳು ಮತ್ತೆ ತೆರೆಯತೊಡಗಿದ ಕಾಲದಲ್ಲಿ ನಮ್ಮ ಚಾಲಕನು ಸಾಲ ಮಾಡಿ ಲಾರಿ ಕೊಂಡನೆಂದು ಇಟ್ಟುಕೊಳ್ಳಿ. ಅದಿರಿನ ಕೆಲಸವಿದ್ದಾಗ ಸಂಡೂರು, ಇಲ್ಲದಾಗ ಕಂಪ್ಲಿಯ ಅಕ್ಕಿ ಗಿರಣಿಗಳ ಬತ್ತ. ಹೀಗೆ ಅವನ ಸಂಸಾರ ಸಾಗಿದೆ. ಒಂದು ಬೆಳಿಗ್ಗೆ ರಸ್ತೆಯ ಬದಿಯಲ್ಲಿ ನಿಂತಿದ್ದ ಮೋಟಾರು ವಾಹನ ನಿರೀಕ್ಷಕರು ಕೈ ಅಡ್ಡ ಹಿಡಿಯುತ್ತಾರೆ.

“ಇದೇನಪ್ಪ ಇಷ್ಟು ಹೊಗೆ? ಎಮಿಷನ್ ಸರ್ಟಿಫಿಕೇಟು ಎಲ್ಲಿದೆ?”

“ಇದೆ ಸಾಹೇಬರೆ. ಆದರೆ ಅವಧಿ ತೀರಿ ತಿಂಗಳಾಯಿತು.”

ಸಾಹೇಬರು ಬರೆದುಕೊಟ್ಟ ಕಾಗದವನ್ನು ಕೈಯಲ್ಲಿ ಹಿಡಿದು ಚಾಲಕನು ಮೊದಲು ನೋಡುವುದು ದಂಡದ ಮೊತ್ತ ಎಷ್ಟೆಂಬುದನ್ನು. ಸಹಜವೇ. ಆದರೆ ಆ ಕಾಗದದಲ್ಲಿ ಅದಕ್ಕಿಂತಲೂ ಮುಖ್ಯವಾದ ಒಂದು ಅಂಕಿ ಇದೆ: 7 ದಿನ.

1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 115ನೆಯ ನಿಯಮವು ಹೊಗೆಯ ಮಿತಿಯನ್ನು ಗೊತ್ತುಪಡಿಸುತ್ತದೆ. 116ನೆಯದು ರಸ್ತೆಯ ಮೇಲಿನ ತಪಾಸಣೆಯ ಕ್ರಮವನ್ನು ತಿಳಿಸುತ್ತದೆ. ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೋಲೀಸ್ ಅಧಿಕಾರಿಗಾಗಲಿ, ಮೋಟಾರು ವಾಹನ ನಿರೀಕ್ಷಕರಿಗಾಗಲಿ ಒಂದು ವಾಹನದ ಹೊಗೆಯಿಂದ ಜನರಿಗೆ ಕೇಡಾಗಬಹುದೆಂದು ತೋರಿದರೆ, ಅದನ್ನು ಪರೀಕ್ಷೆಗೆ ಒಪ್ಪಿಸಬೇಕೆಂದು ಬರಹದಲ್ಲಿ ಆಜ್ಞೆ ಮಾಡಬಹುದು. ಅಧಿಕೃತ ತಪಾಸಣಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಆಜ್ಞೆಯಲ್ಲಿ ಸೂಚಿಸಿರುವ ವಿಳಾಸದ ಅಧಿಕಾರಿಗೆ ಏಳು ದಿನಗಳೊಳಗೆ ಸರ್ಟಿಫಿಕೇಟನ್ನು ಒಪ್ಪಿಸಬೇಕು. ಒಪ್ಪಿಸದೆ ಹೋದರೆ 1988ರ ಮೋಟಾರು ವಾಹನಗಳ ಕಾಯಿದೆಯ 190(2)ನೆಯ ಕಲಮಿಗೆ ಗುರಿಯಾಗಬೇಕಾಗುತ್ತದೆ. 2019ರ ತಿದ್ದುಪಡಿಯ ತರುವಾಯ ಆ ಕಲಮು ಹಗುರವಾದುದಲ್ಲ. ಮೊದಲ ಅಪರಾಧಕ್ಕೇ 10,000 ರೂಪಾಯಿಗಳವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ. ಇವುಗಳ ಮೇಲೆ ಮೂರು ತಿಂಗಳ ಕಾಲ ಲೈಸೆನ್ಸಿಗೆ ಅನರ್ಹತೆ. ಅಷ್ಟಕ್ಕೇ ಮುಗಿಯುವುದಿಲ್ಲ. ವರದಿಯು ನೋಂದಣಿ ಅಧಿಕಾರಿಗೆ ಹೋಗಿ, ಸರ್ಟಿಫಿಕೇಟು ಬರುವ ಪರ್ಯಂತ ಲಾರಿಯ ನೋಂದಣಿಯೇ ಅಮಾನತಿನಲ್ಲಿರುತ್ತದೆ. ನೋಂದಣಿ ನಿಂತರೆ ಪರ್ಮಿಟ್ಟೂ ತಾನಾಗಿ ನಿಂತಂತೆಯೇ ಸರಿ. ದಂಡವನ್ನು ಹೇಗೋ ಕಟ್ಟಬಹುದು. ಮೂರು ತಿಂಗಳು ಚಕ್ರ ಉರುಳದಿದ್ದರೆ ಸಾಲದ ಕಂತನ್ನು ಕಟ್ಟುವ ಬಗೆ ಹೇಗೆ?

ಆದುದರಿಂದ ಏಳು ದಿನಗಳ ಈ ಗಡುವು ಚಾಲಕನಿಗೆ ದೊರೆತ ಒಂದು ಅನುಕೂಲವೇ ಹೊರತು ಬರಿಯ ಬೆದರಿಕೆಯಲ್ಲ. ಅದನ್ನು ಹೇಗೆ ಉಪಯೋಗಿಸಿಕೊಳ್ಳಬೇಕು? ಎರಡು ದಾರಿಗಳಿವೆ. ಕಾಗದವನ್ನು ಸರಿಮಾಡಿಸುವುದು ಒಂದು, ಹೊಗೆಯನ್ನು ಸರಿಮಾಡಿಸುವುದು ಇನ್ನೊಂದು. ಎರಡನೆಯ ದಾರಿ ಹಿಡಿಯಬೇಕಾದರೆ ಹೊಗೆ ಏಕೆ ಹುಟ್ಟುತ್ತದೆಂಬುದನ್ನು ಮೊದಲು ತಿಳಿಯಬೇಕು.

ಜರ್ಮನಿಯ ರುಡಾಲ್ಫ್ ಡೀಸೆಲನು 1892ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, 1897ರ ವೇಳೆಗೆ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ವೈಶಿಷ್ಟ್ಯ, ಅದರಲ್ಲಿ ಕಿಡಿ ಹೊತ್ತಿಸುವ ಸಾಧನವೇ ಇಲ್ಲದಿರುವುದು. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರು ಬರಿಯ ಗಾಳಿಯನ್ನು ಹೀರಿಕೊಳ್ಳುತ್ತದೆ. ಮೇಲೇರುವಾಗ ಆ ಗಾಳಿ ತನ್ನ ಮೂಲ ಗಾತ್ರದ ಹದಿನೇಳರಲ್ಲೊಂದು ಪಾಲಿನಷ್ಟಕ್ಕೆ ಅದುಮಲ್ಪಡುತ್ತದೆ. ಸೈಕಲ್ ಪಂಪನ್ನು ಬಿರುಸಾಗಿ ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ನೀವು ಬಲ್ಲಿರಿ. ಇಲ್ಲಿಯೂ ಅದೇ ತತ್ತ್ವ. ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೇರುತ್ತದೆ. ಅಂಥ ಕಾದ ಗಾಳಿಯೊಳಕ್ಕೆ, ಕೂದಲೆಳೆಯಷ್ಟು ಸಣ್ಣ ರಂಧ್ರಗಳುಳ್ಳ ನಾಜಲ್ಲಿನ ಮೂಲಕ ಡೀಸೆಲ್ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಡೀಸೆಲ್ ಎಂಬುದು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಒಂದು ಕಿಲೋಗ್ರಾಂ ಡೀಸೆಲು ಪೂರ್ತಿಯಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಬೇಕು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಸಿಲಿಂಡರಿನೊಳಗೆ ಒಂದು ಲೀಟರು ಗಾಳಿಯಿದ್ದರೆ ಅದರಲ್ಲಿ ಉರಿಯಬಲ್ಲ ಡೀಸೆಲು ಸುಮಾರು ಎರಡು ಹನಿ ಮಾತ್ರ. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದಾಗ ಈ ಹನಿಗಳು ಚಿಮ್ಮಿ, ಆವಿಯಾಗಿ, ಗಾಳಿಯೊಡನೆ ಬೆರೆತು, ಉರಿದು ಮುಗಿಯಲು ದೊರೆಯುವ ಅವಕಾಶ ಒಂದು ಸೆಕೆಂಡಿನ ಇನ್ನೂರರಲ್ಲೊಂದು ಭಾಗ! ಅಷ್ಟರೊಳಗೆ ಎಲ್ಲ ಹನಿಗಳಿಗೂ ಆಮ್ಲಜನಕ ದೊರೆಯುವುದು ಕಷ್ಟ. ಆದುದರಿಂದಲೇ ಬೇಕಾದುದಕ್ಕಿಂತ ಕಾಲುಪಾಲಿನಷ್ಟಾದರೂ ಹೆಚ್ಚು ಗಾಳಿ ಇರುವಂತೆ ಎಂಜಿನ್ನನ್ನು ರಚಿಸಿರುತ್ತಾರೆ. ಈ ಹೆಚ್ಚಳ ಕರಗಿದೊಡನೆ, ಹನಿಯ ಒಡಲಿನ ಜಲಜನಕವೇನೋ ಉರಿದು ನೀರಾವಿಯಾಗುತ್ತದೆ. ಇಂಗಾಲ ಅರೆಬೆಂದು ಹಾಗೆಯೇ ಉಳಿಯುತ್ತದೆ. ನಮ್ಮ ಅಜ್ಜಿಯಂದಿರು ಕಣ್ಣಿಗೆ ಕಾಡಿಗೆ ಮಾಡುತ್ತಿದ್ದ ಬಗೆಯೂ ಇದೇ ಅಲ್ಲವೆ? ದೀಪದ ಕುಡಿಯ ಮೇಲೆ ಬಟ್ಟಲನ್ನು ಕವುಚಿ, ಗಾಳಿಗೆ ತಡೆಯೊಡ್ಡಿ, ಮಸಿಯನ್ನು ಹಿಡಿಯುತ್ತಿದ್ದರು. ಲಾರಿಯ ಕಪ್ಪು ಹೊಗೆ ಅಂಥ ಮಸಿಯೇ.

ಇನ್ನು ಏರನ್ನು ನೋಡೋಣ. ಲಾರಿಯ ಒಟ್ಟು ತೂಕ 25 ಟನ್ನು. ಹತ್ತು ಚಕ್ರದ ಲಾರಿಗೆ 2018ರವರೆಗೆ ಇದ್ದ ಮಿತಿ ಇದು; ಆ ವರ್ಷ ಅದನ್ನು 28.5 ಟನ್ನಿಗೆ ಏರಿಸಿದರು. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಅದನ್ನು ನಿಧಾನವಾಗಿ ಉರುಳಿಸಲು ತೂಕದ ನೂರರಲ್ಲೊಂದು ಪಾಲಿನಷ್ಟು ಬಲ, ಎಂದರೆ ಸುಮಾರು 2,450 ನ್ಯೂಟನ್, ಸಾಕು. ಇಪ್ಪತ್ತಕ್ಕೆ ಒಂದರಂತೆ ಏರು ಬಂದಿತೆನ್ನಿ. ತೂಕದ ಇಪ್ಪತ್ತರಲ್ಲೊಂದು ಪಾಲು, ಎಂದರೆ 12,250 ನ್ಯೂಟನ್, ಹೊಸದಾಗಿ ಸೇರಿಕೊಳ್ಳುತ್ತದೆ. ಕಣ್ಣಿಗೆ ಹೆಚ್ಚೆಂದು ಕಾಣದ ಆ ಏರಿನಲ್ಲಿ ಎಳೆಯಬೇಕಾದ ಬಲ ಆರು ಪಟ್ಟಾಯಿತು! ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಏರಲು ಚಕ್ರಗಳ ಬಳಿ ಸುಮಾರು 100 ಅಶ್ವಶಕ್ತಿ ಬೇಕು. ಅದೇ ಲಾರಿಗೆ ಇನ್ನೂ ಹತ್ತು ಟನ್ನು ಅದಿರನ್ನು ಹೇರಿದರೆ 140 ಅಶ್ವಶಕ್ತಿ ಬೇಕಾಗುತ್ತದೆ. ಅಷ್ಟು ಶಕ್ತಿ ಇಲ್ಲದ ಎಂಜಿನ್ನಿನ ಮೇಲೆ ಚಾಲಕನು ಪೆಡಲನ್ನು ಪೂರ್ತಿ ತುಳಿದು ನಿಲ್ಲುತ್ತಾನೆ. ಪಂಪು ಎಣ್ಣೆಯನ್ನು ತುಂಬ ಸುರಿಯುತ್ತದೆ, ಗಾಳಿ ಸಾಲುವುದಿಲ್ಲ, ಮಸಿ ಹೊರಡುತ್ತದೆ. ಈ ಜಿಲ್ಲೆಯಲ್ಲಿ ಅದಿರಿನ ಲಾರಿಗಳಿಗೆ ಮಿತಿಮೀರಿ ಹೇರುತ್ತಿದ್ದುದನ್ನು 2008 ಮತ್ತು 2011ರ ಲೋಕಾಯುಕ್ತ ವರದಿಗಳು ದಾಖಲಿಸಿವೆ. ತೂಕದ ಸೇತುವೆಯಲ್ಲಿ ತಿಳಿಯುವ ತಪ್ಪೂ ಹೊಗೆಯ ಮಾಪಕದಲ್ಲಿ ತಿಳಿಯುವ ತಪ್ಪೂ ಎಷ್ಟೋ ವೇಳೆ ಒಂದೇ ತಪ್ಪಿನ ಎರಡು ಮುಖಗಳು.

ಆದರೆ ನಮ್ಮ ಚಾಲಕನು ಹೆಚ್ಚು ಹೇರಿರಲಿಲ್ಲವೆಂದೇ ಭಾವಿಸೋಣ. ಆದರೂ ಹೊಗೆ ಬಂದಿತು. ಏಕೆ?

ತಡೆಹಿಡಿದ ಮರುದಿನ ಲಾರಿ ಹೊಸಪೇಟೆಯ ಒಂದು ಗ್ಯಾರೇಜಿನ ಮುಂದೆ ನಿಂತಿದೆ. ಚಾಲಕನ ಮನಸ್ಸೆಲ್ಲ ಸೈಲೆನ್ಸರಿನ ಮೇಲೆ. ಹೊಗೆ ಅಲ್ಲಿಂದ ಬಂದಿತಾದುದರಿಂದ ದೋಷವೂ ಅಲ್ಲಿಯೇ ಇರಬೇಕೆಂಬುದು ಅವನ ತರ್ಕ. ಮಿಸ್ತ್ರಿಯು ಸೈಲೆನ್ಸರಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ನೇರವಾಗಿ ಎಂಜಿನ್ನಿನ ಇನ್ನೊಂದು ತುದಿಗೆ ಹೋಗಿ, ಏರ್ ಫಿಲ್ಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗಿನ ಕಾಗದದ ಸುರುಳಿಯನ್ನು ಹೊರಗೆಳೆದು ನೆಲದ ಮೇಲೆ ಇಡುತ್ತಾನೆ. ಅದು ಕಾಗದವೆಂದು ಗುರುತು ಹಿಡಿಯುವುದು ಕಷ್ಟ. ಮಡಿಕೆಮಡಿಕೆಗಳ ಸಂದಿನಲ್ಲಿ ಕೆಂಪು ಹಿಟ್ಟು ಗಿಡಿದುಕೊಂಡಿದೆ.

“ಮೂಗು ಕಟ್ಟಿ ಗುಡ್ಡ ಹತ್ತು ಅಂದ್ರ ನೀನು ಹತ್ತೀಯೇನಣ್ಣ? ಇದರ ಮೂಗು ಕಟ್ಟೈತಿ ನೋಡು.”

ಮಿಸ್ತ್ರಿಯ ಈ ಮಾತಿನಲ್ಲಿ ಒಂದು ಪಾಠದಷ್ಟು ಭೌತವಿಜ್ಞಾನ ಅಡಗಿದೆ. ಲೆಕ್ಕ ಮಾಡಿ ನೋಡಿ. ಆರು ಲೀಟರು ಗಾತ್ರದ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಹೀರುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಅದು 6,000 ಲೀಟರು, ಅಥವಾ 6 ಘನ ಮೀಟರು, ಆಯಿತು. ಟರ್ಬೊ ಇದ್ದರೆ ಇನ್ನೂ ಹೆಚ್ಚು. ಸುಮ್ಮನೆ ಕುಳಿತಿರುವ ಮನುಷ್ಯನು ನಿಮಿಷಕ್ಕೆ 6ರಿಂದ 8 ಲೀಟರು ಗಾಳಿಯನ್ನು ಉಸಿರಾಡುತ್ತಾನೆ. ಎಂದರೆ ಒಂದು ಲಾರಿಯ ಉಸಿರು, ದೊಡ್ಡದೊಂದು ಪ್ರೌಢಶಾಲೆಯ ಎಂಟುನೂರು ಮಕ್ಕಳ ಉಸಿರಿಗೆ ಸಮ! ರಸ್ತೆಯ ಗಾಳಿಯ ಪ್ರತಿ ಘನ ಮೀಟರಿನಲ್ಲಿ, ಲೆಕ್ಕಕ್ಕಾಗಿ, ಒಂದೇ ಒಂದು ಮಿಲಿಗ್ರಾಂ ಧೂಳಿದೆಯೆಂದು ಹಿಡಿಯೋಣ. ದಿನಕ್ಕೆ ಎಂಟು ಗಂಟೆಯಂತೆ ಸುಮಾರು 3 ಗ್ರಾಂ, ಇಪ್ಪತ್ತೈದು ದಿನಗಳ ದುಡಿಮೆಗೆ 70 ಗ್ರಾಮಿಗೂ ಮಿಕ್ಕ ಧೂಳು ಫಿಲ್ಟರಿನಲ್ಲಿ ಕೂಡುತ್ತದೆ. ಒಂದರ ಹಿಂದೊಂದು ಲಾರಿ ಓಡುವ ಗಣಿಯ ಕಚ್ಚಾರಸ್ತೆಯಲ್ಲಿ ಧೂಳು ಇದರ ಎಷ್ಟೋ ಪಟ್ಟು. ಬಯಲುಸೀಮೆಯ ಹೆದ್ದಾರಿಯಲ್ಲಿ ವರ್ಷದುದ್ದಕ್ಕೂ ಬಾಳುವ ಫಿಲ್ಟರು ಇಲ್ಲಿ ಎಷ್ಟು ಬೇಗ ಉಸಿರುಗಟ್ಟೀತೆಂಬುದನ್ನು ನೀವೇ ಊಹಿಸಬಹುದು.

ಹಳೆಯ ಬಗೆಯ ಪಂಪಿಗೆ ಗಾಳಿ ಕಡಿಮೆಯಾದುದರ ಅರಿವು ಸರಿಯಾಗಿ ಆಗುವುದಿಲ್ಲ. ಪೆಡಲು ತುಳಿದಷ್ಟು ಎಣ್ಣೆಯನ್ನು ಅದು ಕಳುಹಿಸಿಯೇ ತೀರುತ್ತದೆ. ಮೂಗಿನಲ್ಲಿ ಕೆಂಪು ಧೂಳು ಕಟ್ಟಿಕೊಂಡಿತು. ಬಾಲದಲ್ಲಿ ಕಪ್ಪು ಹೊಗೆ ಹೊರಟಿತು. ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಈ ಧೂಳಿನ ಗುಣವೂ ಸಾಮಾನ್ಯವಾದುದಲ್ಲ. ಸಂಡೂರಿನ ಗುಡ್ಡಗಳ ಅದಿರು ಬಹುಮಟ್ಟಿಗೆ ಹೆಮಟೈಟು, ಅಂದರೆ ಕಬ್ಬಿಣದ ಆಕ್ಸೈಡು. ನೀರಿಗಿಂತ ಅದು ಐದು ಪಟ್ಟು ಭಾರ. ಮೋಸ್ ಮಾನದಲ್ಲಿ ಅದರ ಗಡಸುತನ 5.5ರಿಂದ 6.5, ಚಾಕುವಿನ ಅಲಗಿಗೆ ಸರಿಸಾಟಿ ಅಥವಾ ಅದಕ್ಕೂ ಮೇಲು. ಫಿಲ್ಟರಿನ ಕಾಗದ ಹರಿದಿದ್ದರೆ, ಅಥವಾ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ, ಈ ಪುಡಿ ನೇರವಾಗಿ ಸಿಲಿಂಡರನ್ನು ಹೊಕ್ಕು ಅದರ ಗೋಡೆಯನ್ನೂ ಪಿಸ್ಟನ್ನಿನ ರಿಂಗುಗಳನ್ನೂ ಉಜ್ಜುಕಾಗದದಂತೆ ತೇಯುತ್ತದೆ. ಕಬ್ಬಿಣವಾಗಬೇಕಾದ ಅದಿರು ಕಬ್ಬಿಣವನ್ನೇ ತಿನ್ನುವುದೊಂದು ಚೋದ್ಯ! ಸವೆದ ರಿಂಗುಗಳ ಸಂದಿನಿಂದ ಎಂಜಿನ್ ಆಯಿಲು ಮೇಲೇರಿ ಉರಿಯುತ್ತದೆ. ಆಗ ಹೊಗೆಯ ಬಣ್ಣ ನೀಲಿಗೆ ತಿರುಗುತ್ತದೆ.

ಹೊಗೆಯ ಬಣ್ಣ ನೋಡಿ ರೋಗ ಹೇಳುವ ಈ ವಿದ್ಯೆಯನ್ನು ಒಳ್ಳೆಯ ಮಿಸ್ತ್ರಿಗಳೆಲ್ಲರೂ ಬಲ್ಲರು. ಕಪ್ಪಾದರೆ ಗಾಳಿ ಕಡಿಮೆ ಅಥವಾ ಎಣ್ಣೆ ಹೆಚ್ಚು. ನೀಲಿಯಾದರೆ ಆಯಿಲು ಉರಿಯುತ್ತಿದೆ. ಬೆಳಗಿನ ಚಳಿಯಲ್ಲಿ ಹೊರಟು ಸ್ವಲ್ಪ ಹೊತ್ತಿಗೆ ಅಡಗುವ ಬಿಳುಪು ಬರಿಯ ನೀರಾವಿ. ಎಂಜಿನ್ನು ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಮಾತ್ರ ಉರಿಯದೆ ಹೊರಬಂದ ಡೀಸೆಲನ್ನೋ, ಸಿಲಿಂಡರಿಗೆ ಸೋರಿದ ನೀರನ್ನೋ ಸೂಚಿಸುತ್ತದೆ.

ಏಳು ದಿನಗಳ ಕೆಲಸದಲ್ಲಿ ಅಗ್ಗದ್ದನ್ನು ಮೊದಲು ನೋಡಿ, ದುಬಾರಿಯದನ್ನು ಕೊನೆಗೆ ಬಿಡುವುದು ಜಾಣತನ. ಫಿಲ್ಟರನ್ನು ನೆಲಕ್ಕೆ ಬಡಿದು ಕೊಡವುವ ಅಭ್ಯಾಸ ಎಲ್ಲೆಡೆಯೂ ಇದೆ. ಅದು ತಪ್ಪು, ಬಡಿದರೆ ಮಡಿಕೆ ಬಿರಿಯುತ್ತದೆ, ಅಂಚು ಸೊಟ್ಟಗಾಗಿ ಡಬ್ಬಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಒಳಗಿನಿಂದ ಹೊರಮುಖವಾಗಿ, ಮೆಲ್ಲನೆ ಗಾಳಿ ಊದಿಸಬೇಕು. ಆಮೇಲೆ ಸುರುಳಿಯೊಳಗೆ ಒಂದು ಸಣ್ಣ ದೀಪವನ್ನು ಇಳಿಬಿಟ್ಟು ಕತ್ತಲೆಯಲ್ಲಿ ನೋಡಿದರೆ, ತೂತಿದ್ದಲ್ಲಿ ಬೆಳಕಿನ ಚುಕ್ಕೆ ಹೊಳೆಯುತ್ತದೆ. ಒಂದು ಚುಕ್ಕೆ ಕಂಡರೂ ಆ ಫಿಲ್ಟರನ್ನು ಎಸೆಯತಕ್ಕದ್ದು. ಎಂಜಿನ್ನಿನ ಬೆಲೆಯ ಮುಂದೆ ಅದರ ಬೆಲೆ ಯಾವ ಲೆಕ್ಕ? ಅನೇಕ ಲಾರಿಗಳಲ್ಲಿ ಫಿಲ್ಟರು ಕಟ್ಟಿದಾಗ ಕೆಂಪು ಪಟ್ಟಿ ತೋರಿಸುವ ಸಣ್ಣ ಸೂಚಕವೊಂದನ್ನು ಜೋಡಿಸಿರುತ್ತಾರೆ. ಅದರ ಗಾಜಿನ ಮೇಲೂ ಕೆಂಪು ಧೂಳು ಕೂತಿರುವುದರಿಂದ ಯಾರೂ ಅದನ್ನು ನೋಡುವುದಿಲ್ಲವೆಂಬುದು ಬೇರೆ ಮಾತು.

ಫಿಲ್ಟರಿನಿಂದ ಪೂರ್ತಿ ಗುಣ ಕಾಣದಿದ್ದರೆ ನಾಜಲ್ಲುಗಳ ಸರದಿ. ಮಂಜಿನಂತೆ ಚಿಮ್ಮಬೇಕಾದ ನಾಜಲ್ಲು ಸವೆದು ತೊಟ್ಟಿಕ್ಕುತ್ತಿದ್ದರೆ ದಪ್ಪ ಹನಿಗಳು ಉರಿಯುವ ಮೊದಲೇ ಕಾಲ ಮೀರುತ್ತದೆ. ಬಳಿಕ ವಾಲ್ವುಗಳ ಸಂದು, ಎಣ್ಣೆ ಚಿಮ್ಮುವ ಕ್ಷಣದ ಹೊಂದಾಣಿಕೆ, ಟರ್ಬೊ; ಎಲ್ಲಕ್ಕೂ ಕೊನೆಗೆ ಸಿಲಿಂಡರಿನ ಒತ್ತಡ.

ಹಾಗಾದರೆ ಸೈಲೆನ್ಸರನ್ನು ನೋಡಬೇಕಾಗಿಲ್ಲವೆ? ನೋಡಬೇಕು, ಬೇರೆ ಕಾರಣಕ್ಕೆ. ಸದ್ದಡಗಿಸುವ ಸಾಧನ ಇರಲೇಬೇಕೆಂದು 120ನೆಯ ನಿಯಮ ಹೇಳುತ್ತದೆ. ಅದೂ ಅಲ್ಲದೆ ಒಡೆದ ಕೊಳವೆಯ ಮೂಲಕ ಹೊರಗಿನ ಗಾಳಿ ಒಳಸೇರಿ ಹೊಗೆ ತೆಳುವಾದರೆ, ಮಾಪಕವು ಸುಳ್ಳು ಹೇಳುತ್ತದೆ. ಕ್ಯಾಬಿನ್ನಿನ ಕೆಳಗೆ ಗ್ಯಾಸ್ಕೆಟ್ ಹಾರಿದ್ದರಂತೂ ಹೊಗೆಯ ಮೊದಲ ಪಾಲು, ರಾತ್ರಿ ಅಲ್ಲಿಯೇ ಎಂಜಿನ್ನು ಓಡುತ್ತಿರುವಂತೆ ಬಿಟ್ಟು ಮಲಗುವ ಚಾಲಕನಿಗೆ ಮತ್ತು ಕ್ಲೀನರಿಗೆ.

ಇಲ್ಲಿ ಒಂದು ಪ್ರಲೋಭನೆಯ ವಿಚಾರ ಹೇಳಬೇಕು. ಪಂಪಿನ ಮೇಲೆ ಎಣ್ಣೆಯ ಗರಿಷ್ಠ ಪ್ರಮಾಣವನ್ನು ಗೊತ್ತುಮಾಡುವ ತಿರುಪೊಂದಿರುತ್ತದೆ. ತಯಾರಕರು ಅದಕ್ಕೆ ಮುದ್ರೆ ಹಾಕಿರುತ್ತಾರೆ. ಪರೀಕ್ಷೆಯ ಮುನ್ನ ಅದನ್ನು ಕಡಿಮೆಮಾಡಿ, ಸರ್ಟಿಫಿಕೇಟು ಪಡೆದ ಬಳಿಕ ಮತ್ತೆ ಏರಿಸಿಬಿಡುವ ಉಪಾಯ ಹಳೆಯದು. ಕಾಗದ ಬಿಳುಪಾಗುತ್ತದೆ, ಹೊಗೆ ಕಪ್ಪಾಗಿಯೇ ಉಳಿಯುತ್ತದೆ. ಆದರೆ 116ನೆಯ ನಿಯಮದಲ್ಲಿ ಇದಕ್ಕೆ ಉತ್ತರವುಂಟು: ಜೇಬಿನಲ್ಲಿ ಸರ್ಟಿಫಿಕೇಟಿದ್ದರೂ ಕಣ್ಣಿಗೆ ಹೊಗೆ ಕಂಡರೆ ಅಧಿಕಾರಿ ಮತ್ತೆ ಪರೀಕ್ಷೆಗೆ ಕಳುಹಿಸಬಹುದು. ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಹೊಗೆಯಾಗಿ ಹೋಗುವುದು ದುಡ್ಡು ಕೊಟ್ಟು ಕೊಂಡ ಡೀಸೆಲೇ ಅಲ್ಲವೆ?

ಪರೀಕ್ಷೆಯ ವಿಧಾನ ವಿದ್ಯಾರ್ಥಿಗಳಿಗೆ ತುಂಬ ಸ್ವಾರಸ್ಯವಾದುದು. ಹಿಂದೆ ಹೊಗೆಯನ್ನು ಕಣ್ಣಿನಿಂದಲೇ ಅಳೆಯುತ್ತಿದ್ದರು. ಫ್ರಾನ್ಸಿನ ರಿಂಗೆಲ್ಮನ್ ಎಂಬಾತನು 1888ರಲ್ಲಿ, ಬಿಳಿಯ ಹಲಗೆಯ ಮೇಲೆ ಕಪ್ಪು ಗೆರೆಗಳನ್ನು ದಟ್ಟ ಮತ್ತು ವಿರಳವಾಗಿ ಎಳೆದು, ಚಿಮಣಿಯ ಹೊಗೆಯನ್ನು ಅದಕ್ಕೆ ಹೋಲಿಸಿ ನೋಡುವ ಕ್ರಮವನ್ನು ತಂದನು. ಆದರೆ ಕಣ್ಣು ಆಕಾಶದ ಬಣ್ಣಕ್ಕೆ ಮೋಸಹೋಗುತ್ತದೆ, ಮನಸ್ಸು ಮುಲಾಜಿಗೆ. ಈಗಿನ ಹೊಗೆಮಾಪಕದಲ್ಲಿ ಒಂದು ಕೊಳವೆಯೊಳಗೆ ಹೊಗೆಯನ್ನು ತುಂಬಿ, ಒಂದು ತುದಿಯಿಂದ ಬೆಳಕು ಬಿಟ್ಟು, ಇನ್ನೊಂದು ತುದಿಗೆ ಎಷ್ಟು ತಲಪಿತೆಂದು ವಿದ್ಯುತ್ ಕಣ್ಣಿನಿಂದ ಅಳೆಯುತ್ತಾರೆ. ಹಾರ್ಟ್‌ರಿಡ್ಜ್ ಮಾನದ ಕೊಳವೆಯ ಉದ್ದ 43 ಸೆಂಟಿಮೀಟರು. ನೂರು ಪಾಲು ಬೆಳಕಿನಲ್ಲಿ 65 ಪಾಲು ಹೊಗೆಯಲ್ಲಿ ಅಡಗಿ 35 ಪಾಲು ಮಾತ್ರ ಹೊರಬಂದರೆ ಆ ಹೊಗೆ 65 ಹಾರ್ಟ್‌ರಿಡ್ಜ್. ಭಾರತ್ ಸ್ಟೇಜ್ ನಾಲ್ಕಕ್ಕೆ ಹಿಂದಿನ ಡೀಸೆಲ್ ವಾಹನಗಳಿಗೆ ಇದೇ ಮಿತಿ. ನಾಲ್ಕನೆಯ ಹಂತದವುಗಳಿಗೆ, ಎಂದರೆ ದೇಶದಾದ್ಯಂತ 2017ರ ಏಪ್ರಿಲಿನಿಂದ ಬಂದವುಗಳಿಗೆ, 50.

ಕೊಳವೆಯನ್ನು ಇನ್ನೂ 43 ಸೆಂಟಿಮೀಟರು ಉದ್ದ ಮಾಡಿದರೆ ಏನಾಗುತ್ತದೆ? ಮತ್ತೆ 65 ಪಾಲು ಕಳೆಯುವುದಿಲ್ಲ, ಕಳೆಯಲು ಅಷ್ಟು ಉಳಿದೇ ಇಲ್ಲ. ಉಳಿದ 35ರಲ್ಲಿ ಶೇಕಡಾ 35, ಎಂದರೆ ಸುಮಾರು 12 ಪಾಲು, ಹೊರಬರುತ್ತದೆ. ಸಮಾನ ದಪ್ಪದ ಪದರಗಳು ಬೆಳಕಿನ ಸಮಾನ ಅನುಪಾತವನ್ನು ಹೀರುತ್ತವೆಂಬ ಈ ನಿಯಮವನ್ನು 1729ರಲ್ಲಿ ಬೂಗೇ ಕಂಡನು. ಲ್ಯಾಂಬರ್ಟನು 1760ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟನು. 1852ರಲ್ಲಿ ಬಿಯರನು ದ್ರಾವಣಗಳಿಗೆ ವಿಸ್ತರಿಸಿದನು. ಕಾಲೇಜಿನ ರಸಾಯನಶಾಲೆಯಲ್ಲಿ ಬಣ್ಣದ ದ್ರಾವಣಗಳಿಗೆ ನೀವು ಬಳಸುವ ಸೂತ್ರವೇ ಹೊಸಪೇಟೆಯ ರಸ್ತೆಬದಿಯ ಹೊಗೆಗೂ ಅನ್ವಯಿಸುತ್ತದೆ. ಆ ಸೂತ್ರದಂತೆ 65 ಹಾರ್ಟ್‌ರಿಡ್ಜಿನ ಹೀರಿಕೆಯ ಗುಣಕ ಮೀಟರಿಗೆ 2.45, 50ರದು 1.62. ನಿಯಮಾವಳಿಯಲ್ಲಿ ಎರಡು ಬಗೆಯ ಅಂಕಿಗಳೂ ಇವೆ.

ಐದನೆಯ ದಿನ ನಮ್ಮ ಲಾರಿ ಪರೀಕ್ಷೆಗೆ ನಿಲ್ಲುತ್ತದೆ. ಎಂಜಿನ್ನು ಚೆನ್ನಾಗಿ ಕಾದಿರಬೇಕು. ಆಯಿಲಿನ ಉಷ್ಣತೆ 60 ಡಿಗ್ರಿಯನ್ನಾದರೂ ಮುಟ್ಟಿರಬೇಕು. ಮನೆಯಿಂದ ತಂದು ತಣ್ಣಗೆ ನಿಲ್ಲಿಸಿದ ಲಾರಿ ಸುಳ್ಳಾಗಿ ಸೋಲುತ್ತದೆ. ಗೇರು ತೆಗೆದು, ಪೆಡಲನ್ನು ಒಮ್ಮೆಗೇ ಪೂರ್ತಿ ತುಳಿದು ಬಿಡುತ್ತಾರೆ. ಆ ಕ್ಷಣದಲ್ಲಿ ಎಣ್ಣೆ ಮುಂದೋಡಿ ಗಾಳಿ ಹಿಂದೆ ಬೀಳುವುದರಿಂದ ಹೊಗೆ ಅತ್ಯಂತ ಹೆಚ್ಚಾಗಿರುತ್ತದೆ. ಹೀಗೆ ಹಲವು ಸಲ ತುಳಿದು, ಒಂದಕ್ಕೊಂದು ಹೊಂದುವ ಅಂಕಿಗಳ ಸರಾಸರಿಯನ್ನು ತೆಗೆಯುತ್ತಾರೆ. ದುರಸ್ತಿಗೆ ಮುಂಚೆ ಅಂಕಿ 72 ಇದ್ದಿತೆಂದೂ, ಹೊಸ ಫಿಲ್ಟರು ಹಾಕಿ ಎರಡು ನಾಜಲ್ಲು ಬದಲಾಯಿಸಿದ ಮೇಲೆ 48 ಬಂದಿತೆಂದೂ ಇಟ್ಟುಕೊಳ್ಳಿ. ಮೂರರಲ್ಲೊಂದು ಪಾಲು ಇಳಿದಂತೆ ಕಾಣುತ್ತದೆ. ಗುಣಕವನ್ನು ಲೆಕ್ಕ ಮಾಡಿದರೆ ಅದು 2.96ರಿಂದ 1.52ಕ್ಕೆ ಇಳಿದಿದೆ. ಗುಣಕ ಮಸಿಯ ದಟ್ಟಣೆಯನ್ನು ಅನುಸರಿಸುವುದರಿಂದ, ಮಸಿ ಸರಿಸುಮಾರು ಅರ್ಧಕ್ಕೆ ಇಳಿಯಿತೆಂದು ಅರ್ಥ. ಸರ್ಟಿಫಿಕೇಟಿನ ಅಂಕಿಗಿಂತ ಮಿಸ್ತ್ರಿಯ ಕೆಲಸ ದೊಡ್ಡದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ಲಾರಿಗಳಲ್ಲಿ ಕಥೆ ಸ್ವಲ್ಪ ಬೇರೆ. ಅವುಗಳಲ್ಲಿ ನಿಜವಾಗಿಯೂ ಹೊಗೆಯ ಕೊಳವೆಯೇ ಒಂದು ರಸಾಯನಶಾಲೆಯಾಗಿದೆ. ರಂಧ್ರಮಯವಾದ ಪಿಂಗಾಣಿಯ ಗೋಡೆಗಳು ಮಸಿಯನ್ನು ಹಿಡಿದುಕೊಳ್ಳುತ್ತವೆ. ಆಗಾಗ್ಗೆ ಕೊಳವೆ ಕಾದು ಆ ಮಸಿ ಸುಟ್ಟುಹೋಗುತ್ತದೆ. ಮುಂದೆ, ನೂರಕ್ಕೆ 32.5ರಷ್ಟು ಯೂರಿಯಾ ಇರುವ ದ್ರವವನ್ನು ಚಿಮುಕಿಸುತ್ತಾರೆ. ಅದರಿಂದ ಹುಟ್ಟುವ ಅಮೋನಿಯವು ಸಾರಜನಕದ ಆಕ್ಸೈಡುಗಳನ್ನು ನಿರಪಾಯವಾದ ಸಾರಜನಕ ಮತ್ತು ನೀರನ್ನಾಗಿ ಬದಲಿಸುತ್ತದೆ. ಗಣಿಯಿಂದ ರೈಲಿನ ಸೈಡಿಂಗಿಗೆ ಮಾತ್ರ ಓಡುವ ಗಿಡ್ಡ ಪ್ರಯಾಣಗಳಲ್ಲಿ ಕೊಳವೆ ಸಾಕಷ್ಟು ಕಾಯದೆ ಮಸಿ ಕಟ್ಟಿಕೊಳ್ಳುವ ತೊಡಕುಂಟು. ಅದಕ್ಕಾಗಿ ಆ ಘಟಕವನ್ನೇ ಕಿತ್ತುಹಾಕುವುದು, ಯೂರಿಯಾದ ಖರ್ಚನ್ನು ಉಳಿಸಲು ಲಾರಿಯ ಕಂಪ್ಯೂಟರಿಗೆ ಸುಳ್ಳು ಸಂಕೇತ ಕೊಡುವ ಪೆಟ್ಟಿಗೆ ಜೋಡಿಸುವುದು, ಇವು ದುರಸ್ತಿಯಲ್ಲ. ಅನುಮತಿಯಿಲ್ಲದ ಮಾರ್ಪಾಟಿಗೆ 182ಎ ಕಲಮಿನಡಿ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ದೀಪ ಉರಿದು ಎಚ್ಚರಿಕೆ ಕೊಟ್ಟಾಗ ತಯಾರಕರ ಕ್ರಮದಂತೆ ಲಾರಿಯನ್ನು ನಿಲ್ಲಿಸಿಯೇ ಮಸಿ ಸುಡಿಸುವುದು ಸುಲಭದ ದಾರಿ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದು ಚಾಲಕರು ಕೇಳುವುದುಂಟು. ಮಸಿಯ ಒಂದೊಂದು ಮಣಿ ಮಿಲಿಮೀಟರಿನ ಲಕ್ಷದಲ್ಲಿ ಎರಡು ಮೂರು ಪಾಲಿನಷ್ಟು ಕಿರಿದು. ಅಂಥವು ಸರಪಣಿಯಂತೆ ಕೂಡಿಕೊಂಡು ಶ್ವಾಸಕೋಶದ ಕೊನೆಯ ಚೀಲಗಳವರೆಗೂ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗಣಿಗಳಲ್ಲಿ, ಲಾರಿ ಮತ್ತು ರೈಲುಗಳಲ್ಲಿ ದುಡಿದವರನ್ನು ಕುರಿತ ಅಧ್ಯಯನಗಳು ಆ ತೀರ್ಮಾನಕ್ಕೆ ಆಧಾರ. ಹೊಗೆಯ ಮೊದಲ ಗಿರಾಕಿ ಅದನ್ನು ಬಿಡುವವನೇ ಎಂಬುದನ್ನು ಮರೆಯಬಾರದು. ಹತ್ತಾರು ಕಿಲೋಮೀಟರು ಆಚೆ, ಹಂಪಿಯಲ್ಲಿ ಗೆಜ್ಜಲ ಮಂಟಪದಿಂದ ವಿಠ್ಠಲ ದೇವಾಲಯದವರೆಗೆ ಪ್ರವಾಸಿಗರನ್ನು ಬ್ಯಾಟರಿಯ ಬಂಡಿಗಳಲ್ಲಿ ಕರೆದೊಯ್ಯುತ್ತಾರೆ. ಕಲ್ಲಿನ ರಥದ ಬಳಿ ಹೊಗೆ ಸುಳಿಯಬಾರದೆಂದು. ಕಲ್ಲಿಗೆ ಸಲ್ಲುವ ಈ ಮರ್ಯಾದೆ ಸಂಡೂರು ದಾರಿಯ ಚಹದಂಗಡಿಯವನಿಗೂ ಸಲ್ಲಬೇಕೆನ್ನುವುದು ಅತಿಯಾದ ಆಸೆಯಲ್ಲ.

ನಮ್ಮ ಚಾಲಕನು ಆರನೆಯ ದಿನ ಸರ್ಟಿಫಿಕೇಟನ್ನು ಆಜ್ಞೆಯಲ್ಲಿ ಬರೆದ ವಿಳಾಸಕ್ಕೆ ಕೊಂಡೊಯ್ದು ಒಪ್ಪಿಸುತ್ತಾನೆ. ಒಪ್ಪಿಸಿದುದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಸರ್ಟಿಫಿಕೇಟು ಇಡೀ ಭಾರತಕ್ಕೆ ಸಲ್ಲುವಂಥದು. ಅವನ ಹಳೆಯ ಲಾರಿಗೆ ಅದು ಆರು ತಿಂಗಳು ನಡೆಯುತ್ತದೆ. ನಾಲ್ಕನೆಯ ಹಂತದ ಮತ್ತು ಅದರ ಮೇಲಿನವುಗಳಿಗೆ ಒಂದು ವರ್ಷ. ಹಳೆಯ ಫಿಲ್ಟರಿನಿಂದ ಉದುರಿದ ಕೆಂಪು ಪುಡಿಯನ್ನು ಮಿಸ್ತ್ರಿಯ ಹುಡುಗನು ಗುಡಿಸಿ ಒಂದು ಡಬ್ಬಿಗೆ ತುಂಬಿದ್ದಾನೆ; ಡಬ್ಬಿ ಎತ್ತಿದರೆ ಕೈಗೆ ಭಾರವೇ. ಮಿಸ್ತ್ರಿಯು ಕ್ಯಾಬಿನ್ನಿನ ಬಾಗಿಲ ಒಳಗಡೆ ಬಳಪದಿಂದ ಎರಡು ತಾರೀಖುಗಳನ್ನು ಬರೆಯುತ್ತಾನೆ. ಒಂದು ಸರ್ಟಿಫಿಕೇಟು ಮುಗಿಯುವ ದಿನ. ಇನ್ನೊಂದು ಫಿಲ್ಟರನ್ನು ಬಿಚ್ಚಿ ನೋಡಬೇಕಾದ ದಿನ. ಅದು ಮುಂದಿನ ಶುಕ್ರವಾರ, ಲಾರಿ ಕಂಪ್ಲಿಯ ಬತ್ತ ಇಳಿಸಿ ಬಂದು ಮತ್ತೆ ಗಣಿಯ ದಾರಿ ಹಿಡಿಯುವ ಮೊದಲು.